ಅಣ್ಣನ ಜಾವಾ ಮತ್ತು ಒಂದು ಸೂಜಿ



ಒಂಬತ್ತನೆಯ ತರಗತಿಗೆ ನಾನು ಬರ್ನೂಲಿಯ ತತ್ತ್ವವನ್ನು ಹೇಳುವಾಗ ಎರಡು ಕಾಗದದ ಹಾಳೆಗಳನ್ನು ಹಿಡಿದು ಅವುಗಳ ನಡುವೆ ಊದುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹಾಳೆಗಳು ದೂರ ಸರಿಯುವ ಬದಲು ಒಂದನ್ನೊಂದು ಸೇರುತ್ತಿದ್ದವು. ವೇಗವಾಗಿ ಹರಿಯುವ ಗಾಳಿಯಲ್ಲಿ ಒತ್ತಡ ಕಡಿಮೆ ಎಂಬ ಈ ಮಾತನ್ನು ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನಿರೂಪಿಸಿದ. ಇದೇ ತತ್ತ್ವ ಹಳೆಯ ಮೋಟಾರ್ ಸೈಕಲ್ಲುಗಳ ಕಾರ್ಬ್ಯುರೇಟರಿನಲ್ಲಿ ದುಡಿಯುತ್ತದೆ. ಕಿರಿದಾದ ಕೊಳವೆಯಲ್ಲಿ ಗಾಳಿ ರಭಸದಿಂದ ನುಗ್ಗಿದಾಗ ಅಲ್ಲಿ ಒತ್ತಡ ತಗ್ಗುತ್ತದೆ. ಕೆಳಗಿನ ಬಟ್ಟಲಿನ ಪೆಟ್ರೋಲು ಮೇಲೇರಿ ತುಂತುರಾಗಿ ಗಾಳಿಯೊಡನೆ ಬೆರೆಯುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದ ಮೇಲೆ ಹೊಸ ವಾಹನಗಳಿಂದ ಈ ಸಾಧನ ಬಹುತೇಕ ಮರೆಯಾಯಿತು. ನಮ್ಮ ಮನೆಯಲ್ಲಿ ಮಾತ್ರ ಒಂದು ಉಳಿದಿದೆ.

ಅದು ನನ್ನ ಅಣ್ಣನ 1969ರ ಜಾವಾ ಗಾಡಿಯದು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದ ಹೊರಬಂದ ಈ ಗಾಡಿಯನ್ನು ಅಣ್ಣ 1978ರಲ್ಲಿ ಎರಡನೆಯ ಕೈಯಿಂದ ಕೊಂಡಿದ್ದ. ಹುಣಸೂರಿನ ಬಳಿಯ ನಮ್ಮ ಹಳ್ಳಿಯಲ್ಲಿ ಅವನಿಗೊಂದು ಸಣ್ಣ ದಿನಸಿ ಅಂಗಡಿಯಿತ್ತು. 2014ರಲ್ಲಿ ಅವನು ತೀರಿಕೊಂಡಂದಿನಿಂದ ಗಾಡಿ ಕೊಟ್ಟಿಗೆಯಲ್ಲಿ ನಿಂತಿತ್ತು. ಕಳೆದ ವರ್ಷ ಅತ್ತಿಗೆ ನನ್ನನ್ನು ಕರೆದು, "ನೋಡಪ್ಪ, ಓಡೋ ಹಾಗಿದ್ರೆ ಇರಲಿ. ಇಲ್ದಿದ್ರೆ ಗುಜರಿಯವನಿಗೆ ಕೊಟ್ಟುಬಿಡು. ಹೀಗೆ ನಿಂತೇ ಇರೋದನ್ನ ನಾನು ನೋಡಲಾರೆ" ಎಂದರು. ಅಣ್ಣನ ಮಗನೂ ತಾಯಿಯ ಮಾತಿಗೆ ತಲೆಯಾಡಿಸಿದ. ದೀಪಾವಳಿಯವರೆಗೆ ನನಗೆ ಗಡುವು ದೊರೆಯಿತು.

ಕಾರ್ಖಾನೆ ಮುಚ್ಚುವವರೆಗೂ ಅಲ್ಲಿ ದುಡಿದಿದ್ದ ಮೈಸೂರಿನ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಆಶ್ರಯಿಸಿದೆ. ಅವರ ದೃಷ್ಟಿ ಮಂದವಾಗಿದೆ. "ಕಣ್ಣು ನಿಮ್ದು, ಮಾತು ನಂದು, ಬನ್ನಿ ಮೇಷ್ಟ್ರೇ" ಎಂದು ಪಕ್ಕದಲ್ಲಿ ಕುಳಿತರು. ಜಿಕೋವ್ ಮಾದರಿಯ ಆ ಕಾರ್ಬ್ಯುರೇಟರನ್ನು ಬಿಚ್ಚಿದಾಗ ವರ್ಷಗಟ್ಟಲೆ ನಿಂತ ಪೆಟ್ರೋಲು ಆವಿಯಾಗಿ, ಅಂಟುಅಂಟಾದ ಕಂದು ಪದಾರ್ಥವಷ್ಟೇ ಬಟ್ಟಲಿನ ತಳದಲ್ಲಿ ಉಳಿದಿತ್ತು. ಜೆಟ್ಟಿನ ರಂಧ್ರ ಸಂಪೂರ್ಣ ಮುಚ್ಚಿತ್ತು. ಅದಕ್ಕೆ ಕಬ್ಬಿಣದ ತಂತಿ ತೂರಿಸಕೂಡದು. ಹಿತ್ತಾಳೆ ಮೃದು, ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಲೆಕ್ಕ ತಪ್ಪುತ್ತದೆ. ದ್ರಾವಣದಲ್ಲಿ ನೆನೆಯಿಟ್ಟು ಗಾಳಿಯಿಂದ ಊದಿ ಬಿಡಿಸಿದೆವು. ಹಿತ್ತಾಳೆಯ ತೇಲುಬುಂಡೆಯನ್ನು ಬಿಸಿನೀರಿನಲ್ಲಿ ಮುಳುಗಿಸಿದೆವು. ಒಳಗಿನ ಗಾಳಿ ಹಿಗ್ಗುವುದರಿಂದ, ಎಲ್ಲಿಯಾದರೂ ತೂತಿದ್ದರೆ ಗುಳ್ಳೆ ಏಳುತ್ತದೆ. ಒಂದೂ ಏಳಲಿಲ್ಲ.

ಆಮೇಲೆ ಸೂಜಿ ಹೊರಬಂತು. ಆಕ್ಸಿಲರೇಟರ್ ತಿರುಗಿಸಿದಂತೆ ಸ್ಲೈಡಿನೊಡನೆ ಮೇಲೇಳುವ, ತುದಿಯತ್ತ ಸಪೂರವಾಗುವ ಕಡ್ಡಿ ಅದು. ಅದರ ತಲೆಯ ಬಳಿ ಸಣ್ಣ ಗಾಡಿಗಳಿರುತ್ತವೆ. ಯಾವ ಗಾಡಿಯಲ್ಲಿ ಕ್ಲಿಪ್ ಕೂರಿಸುತ್ತೇವೆಯೋ ಅದರ ಮೇಲೆ ಪೆಟ್ರೋಲಿನ ಪ್ರಮಾಣ ನಿಂತಿದೆ. ಕ್ಲಿಪ್ ತೀರಾ ಮೇಲಿನ ಗಾಡಿಯಲ್ಲಿತ್ತು. ಹೇಳಿದೊಡನೆ ಹಿರಿಯರು ನಕ್ಕರು: "ಪೆಟ್ರೋಲ್ ಉಳಿಸೋಕೆ ಮಾಡ್ಕೊಂಡಿದ್ದಾರೆ. ಆಗ ಸುಮಾರು ಜನ ಹೀಗೇ ಮಾಡ್ತಿದ್ರು."

ನಾನು ನಗಲಾರದೆ ಹೋದೆ. 1979ರ ತೈಲ ಬಿಕ್ಕಟ್ಟಿನ ತರುವಾಯ ಪೆಟ್ರೋಲಿನ ಬೆಲೆ ಏರಿದ ಕಾಲದಲ್ಲೇ ನಾನು ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದೆ. ತಿಂಗಳಿಗೊಮ್ಮೆ ಅಣ್ಣ ಇದೇ ಗಾಡಿಯಲ್ಲಿ ರಾಗಿಹಿಟ್ಟು, ಅಕ್ಕಿ, ಶುಲ್ಕದ ಹಣ ತರುತ್ತಿದ್ದ. ನಲವತ್ತರ ವೇಗ ಮೀರುತ್ತಿರಲಿಲ್ಲ. ಅವನ ಸ್ವಭಾವವೇ ನಿಧಾನವೆಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಅವನೆಂದೂ ಕಾರಣ ಹೇಳಲಿಲ್ಲ. ನಲವತ್ತೈದು ವರ್ಷಗಳ ಬಳಿಕ ಆ ಸೂಜಿ ಹೇಳಿತು.

ಮರುಜೋಡಣೆಯಲ್ಲಿ ಕ್ಲಿಪ್ಪನ್ನು ಅಲ್ಲಿಯೇ ಇಡಬೇಕೆಂದು ನನ್ನ ಮನಸ್ಸು ಬಯಸಿತು. ಹಿರಿಯರು ಒಪ್ಪಲಿಲ್ಲ. ಈ ಎರಡು ಸ್ಟ್ರೋಕಿನ ಎಂಜಿನ್ನಿಗೆ ಎಣ್ಣೆಯೂ ಪೆಟ್ರೋಲಿನೊಡನೆಯೇ ಬೆರೆತು ಹೋಗುತ್ತದೆ. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಶಾಖ ಹೆಚ್ಚು, ಪಿಸ್ಟನ್ ಹಿಡಿದುಕೊಳ್ಳುವ ಅಪಾಯ. ಮೇಲಾಗಿ 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇಕಡ 20ಕ್ಕೇರಿದೆ. ಎಥನಾಲಿನಲ್ಲೇ ಆಮ್ಲಜನಕವಿರುವುದರಿಂದ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. "ಅವರ ಹಾಗೆ ಇನ್ನು ಯಾರೂ ಓಡಿಸಲ್ಲ ಮೇಷ್ಟ್ರೇ. ಹುಡುಗರು ಓಡಿಸ್ತಾರೆ" ಎಂದರು. ಕ್ಲಿಪ್ಪನ್ನು ನಡುವಿನ ಗಾಡಿಗೆ ಇಳಿಸಿದೆ. ಸ್ಲೈಡಿನ ಕತ್ತರಿಸಿದ ಅಂಚು ಗಾಳಿ ಬರುವ ಕಡೆಗಿರುವಂತೆ ಕೂರಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದೆವು.

ನರಕ ಚತುರ್ದಶಿಯ ಬೆಳಿಗ್ಗೆ ಅಣ್ಣನ ಮಗ ಟಿಕ್ಲರ್ ಒತ್ತಿ, ಗೇರಿನ ಕಡ್ಡಿಯನ್ನೇ ಮೇಲಕ್ಕೆ ಮಡಚಿ ಕಿಕ್ ಹೊಡೆದ. ಏಳನೆಯ ಒದೆತಕ್ಕೆ ಹೊಗೆಯುಗುಳುತ್ತ ಎಂಜಿನ್ ಎಚ್ಚೆತ್ತಿತು. ಅತ್ತಿಗೆ ಅಡುಗೆಮನೆಯಿಂದ ಹೊರಬರಲಿಲ್ಲ. ಸದ್ದು ನಿಂತ ಮೇಲೆ ಬಂದು, "ಗುಜರಿಯವನಿಗೆ ಬೇಡ" ಎಂದಷ್ಟೇ ಹೇಳಿದರು.

ಗಾಡಿ ಈಗ ಜಗಲಿಯ ಪಕ್ಕದಲ್ಲಿದೆ. ಊರಿಗೆ ಬಂದವರು ಓಡಿಸಬಹುದು. ಎಣ್ಣೆ ಅಳೆದು ಬೆರೆಸಿ. ನಿಲ್ಲಿಸುವಾಗ ಪೆಟ್ರೋಲಿನ ಕೊಳಾಯಿ ಮುಚ್ಚಿ. ಮುಂದಿನ ಬಾರಿ ಬಿಚ್ಚುವವರಿಗೆ ಬಟ್ಟಲು ಶುಚಿಯಾಗಿ ಸಿಗಲಿ.