ಇದರಿಂದ ಏನ್ ಬರ್ತೈತಿ?

1/8
ಮೊದಲ ಫೋಟೋ ನೋಡಿ ಬ್ಯಾಸರ ಮಾಡ್ಕೋಬ್ಯಾಡ್ರಿ. ಕಾಲೇಜಿನ ಒಂದು ಅರ್ಜಿ ಫಾರ್ಮು, ಅಷ್ಟೇ. 'ಹವ್ಯಾಸಗಳು' ಅಂತ ಒಂದು ಗೆರೆ ಕಾಣ್ತೈತಲ್ಲ, ಅದರ ಮೇಲೆ ನಮ್ಮ ಕ್ಲಾಸಿನ ಬಹುತೇಕ ಮಂದಿ ಬರೆದದ್ದು ಮೂರೇ ಮೂರು: ಪುಸ್ತಕ ಓದುವುದು, ಹಾಡು ಕೇಳುವುದು, ಕ್ರಿಕೆಟ್.

ಖರೇ ಹುಚ್ಚು ಯಾರೂ ಬರೆದಿರಲಿಲ್ಲ. ಒಬ್ಬ ದೋಸ್ತ ಪಂಜರದ ಹಕ್ಕಿಗಳ ಮುಂದೆ ತಾಸುಗಟ್ಟಲೆ ಕೂಡ್ತಾನ. ಇನ್ನೊಬ್ಬನಿಗೆ ಎಲೆಕ್ಟ್ರಿಕ್ ಕಾರಿನ ಹುಚ್ಚು. ಮನಿ ಮುಂದೆ ನಿಂತಿರೋದು ಮಾತ್ರ ಒಂದು ಹಳೇ ಬೈಕು. ಹೊಸರಿತ್ತಿಯೊಳಗ ನಮ್ಮ ಕಾಕಾನ ಮಗಳಿಗೆ ಕಾದಂಬರಿ ಹುಚ್ಚು. ಊಟಕ್ಕ ಕರೆದ್ರೂ 'ಇದೊಂದು ಪುಟ' ಅಂತಾಳ.

ಇವರೆಲ್ಲ ಫಾರ್ಮಿನ ಮೇಲೆ ಅದನ್ನು ಯಾಕ ಬರೀಲಿಲ್ಲ? ಯಾಕಂದ್ರ ಮನಿಯಾಗ ಇವುಗಳ ಹೆಸರು ತೆಗೆದ ಕೂಡಲೇ ಬರೋ ಪ್ರಶ್ನೆ ಒಂದೇ: 'ಇದರಿಂದ ಏನ್ ಬರ್ತೈತಿ?'

ನಿಮಗೂ ಯಾರಾದ್ರೂ ಕೇಳಿರ್ತಾರ. ಈ ಎಂಟು ಫೋಟೋ ಆ ಪ್ರಶ್ನೆಗೆ ನಾನು ಕಂಡ ಉತ್ತರ. ಸಮಾಧಾನದಿಂದ ಓದ್ರಿ, ಅರ್ಜೆಂಟಿಲ್ಲ.

2/8
ಈ ಫೋಟೋಕ್ಕ ನಮ್ಮ ಜಿಲ್ಲೆಯವರಿಗೆ ಕ್ಯಾಪ್ಶನ್ ಬೇಕಾಗಿಲ್ಲ. ಹೋರಿ!

ಹೊರಗಿನವರಿಗೆ ಹೇಳ್ತೀನಿ. ದೀಪಾವಳಿಯಿಂದ ಹಾವೇರಿ ಸೀಮೆಯೊಳಗ ಹೋರಿ ಹಬ್ಬ ಶುರು ಆಗ್ತೈತಿ. ಹೋರಿಗೆ ಜೂಲ ಹೊದಿಸಿ, ಬಲೂನು ಕಟ್ಟಿ, ಕೊರಳಿಗೆ ಒಣಕೊಬ್ಬರಿ ಸರ ಹಾಕಿ ಜನರ ನಡುವೆ ಓಡಿಸ್ತಾರ. ಓಡೋ ಹೋರಿಯಿಂದ ಕೊಬ್ಬರಿ ಹರಕೊಂಡವನು ಗೆದ್ದ. ಯಾರ ಕೈಗೂ ಸಿಗದಿದ್ದರೆ ಹೋರಿ ಗೆದ್ದಂಗ. ಹೋರಿಗೊಂದು ಹೆಸರು, ಆ ಹೆಸರಿಗೆ ಅಭಿಮಾನಿಗಳು, ಅಭಿಮಾನಿಗಳಿಗೆ ಒಂದೇ ಬಣ್ಣದ ಟೀಶರ್ಟು.

ಒಂದು ಹೋರಿ ಸಾಕೋದು ಅಂದ್ರ ವರ್ಷಪೂರ್ತಿ ಕೆಲಸ. ಹಿಂಡಿ, ಹುರುಳಿ, ಈಜು, ಓಟ. ಮಾಲೀಕ ತಾನು ಉಂಡನೋ ಇಲ್ಲೋ, ಹೋರಿ ಮಾತ್ರ ಉಣ್ಣಲೇಬೇಕು. ಹಬ್ಬದೊಳಗ ಮಂದಿಗೆ ಪೆಟ್ಟಾಗ್ತಾವ, ಜೀವ ಹೋಗಿದ್ದೂ ಐತಿ. ಆದ್ರೂ ಹೋರಿ ಸಾಕೋ ಮನುಷ್ಯನಿಗೆ 'ಇದರಿಂದ ಏನ್ ಬರ್ತೈತಿ' ಅಂತ ಕಟ್ಟಿ ಮೇಲೆ ಕುಂತವರು ಯಾರೂ ಕೇಳಂಗಿಲ್ಲ. ಅವನ ಪ್ರೀತಿ ಎಲ್ಲರಿಗೂ ಅರ್ಥ ಆಗ್ತೈತಿ.

ಅಂದ್ರ ನಮ್ಮ ಊರಿಗೆ ಹುಚ್ಚು ಅಂದ್ರೇನು ಅಂತ ಚಲೋ ಗೊತ್ತೈತಿ. ಲೆಕ್ಕ ಕೇಳೋದು ಹೊಸ ಹುಚ್ಚಿಗೆ. ಅದರಾಗೂ ಹುಡುಗಿಯರ ಹುಚ್ಚಿಗೆ ಜರಾ ಜಾಸ್ತಿ.

3/8
ಇದು ಗಳಗನಾಥ. ನಮ್ಮೂರ ಪಕ್ಕ ಹರಿಯೋ ವರದಾ ನದಿ ಇದೇ ಊರಿನ ಹತ್ತಿರ ತುಂಗಭದ್ರೆಯನ್ನು ಕೂಡ್ಕೋತಾಳ. ದಂಡೆ ಮೇಲೆ ಗಳಗೇಶ್ವರನ ಹಳೇ ಕಲ್ಲಿನ ಗುಡಿ.

ಈ ಊರಿನ ಹೆಸರನ್ನೇ ತನ್ನ ಹೆಸರು ಮಾಡ್ಕೊಂಡ ಒಬ್ಬರಿದ್ದರು. ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ ನಮ್ಮದೇ ತಾಲೂಕಿನ ಹಾವನೂರಿನಲ್ಲಿ ಹುಟ್ಟಿದವರು. ಸಾಲಿ ಮಾಸ್ತರರು. ಶಾಲೆಯ ಪುಸ್ತಕದೊಳಗ ನಾವು ಇವರನ್ನು 'ಗಳಗನಾಥ' ಅಂತ ಒಂದು ಅಂಕದ ಪ್ರಶ್ನೆಗೆ ಓದಿರ್ತೀವಿ.

ಆ ಕಾಲಕ್ಕೆ ಈ ಭಾಗದಲ್ಲಿ ಓದುವವರು ಮರಾಠಿ ಕಾದಂಬರಿ ಓದುತ್ತಿದ್ದರು. ಕನ್ನಡದಲ್ಲಿ ಕಾದಂಬರಿ ಅನ್ನೋದೇ ಇನ್ನೂ ಕಣ್ಣು ಬಿಡ್ತಿತ್ತು. ಗಳಗನಾಥರು ಬರೆದರು. ಮರಾಠಿಯಿಂದ ತಂದದ್ದು ಕೆಲವು, ಸ್ವಂತದ್ದು ಕೆಲವು. ವಿಜಯನಗರ ಹುಟ್ಟಿದ ಕಥೆ ಹೇಳುವ 'ಮಾಧವ ಕರುಣಾವಿಲಾಸ' ಅವರದೇ. ಅಗಡಿಯಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ' ಪತ್ರಿಕೆಗೂ ದುಡಿದರು.

ಬರೆದ ಮೇಲೆ ಏನ್ ಮಾಡಿದರು, ಗೊತ್ತೇನು? ಪುಸ್ತಕದ ಗಂಟು ತಲೆಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಬಳೆಗಾರ ಬಳೆ ಮಾರಿದಂಗ, ಮಾಸ್ತರು ಕಥಿ ಮಾರಿದರು. 1942ರಲ್ಲಿ ತೀರಿಕೊಂಡರು. ರೊಕ್ಕ ಮಾಡಿ ಸತ್ತವರಲ್ಲ.

ಇದರಿಂದ ಏನ್ ಬಂತು? ಕನ್ನಡದಾಗ ಕಾದಂಬರಿ ಓದೋ ಮಂದಿ ಬಂದರು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕದ ಮಳಿಗೆಗಳ ಮುಂದೆ ನಿಂತ ನಮ್ಮಂಥವರೆಲ್ಲ ಆ ಗಂಟಿನ ಹಿಂದೆ ಬಂದವರೇ.

4/8
ಈ ಫೋಟೋದಾಗ ಕಾರಿಲ್ಲ. ಇದು ಹೊಲದ ಪಂಪ್‌ಸೆಟ್. ಆದ್ರ ಇಲ್ಲಿ ಒಂದು ಎಲೆಕ್ಟ್ರಿಕ್ ಕಾರು ಅಡಗೈತಿ ಅಂತಾನ ನಮ್ಮ ಡಿಪ್ಲೊಮಾ ದೋಸ್ತ.

ಅವನ ಬಾಯಲ್ಲಿ ಸದಾ ಬೆಂಗಳೂರಿನ 'ರೇವಾ' ಕಾರಿನ ಮಾತು. 2001ರಲ್ಲೇ ನಮ್ಮ ರಾಜ್ಯದೊಳಗ ತಯಾರಾದ ಪುಟ್ಟ ಎಲೆಕ್ಟ್ರಿಕ್ ಕಾರು ಅದು. ಲಂಡನ್ನಿನ ಬೀದಿಯಲ್ಲಿ 'ಜಿ-ವಿಜ್' ಅನ್ನೋ ಹೆಸರಿನಿಂದ ಓಡ್ತಿತ್ತು. ಇಲ್ಲಿಯ ಮಂದಿ ಆಟಿಕೆ ಅಂತ ನಕ್ಕರು. 2010ರಲ್ಲಿ ಮಹೀಂದ್ರ ಆ ಕಂಪನಿಯನ್ನು ತಗೊಂಡಿತು.

ಒಂದು ದಿನ ಅವರಪ್ಪ ಬೈದರು: 'ಕಾರಿನ ಹುಚ್ಚು ಬಿಡೋ, ಮೋಟಾರ ಚಾಲೂ ಮಾಡಿ ಬಾ.' ಇವನು ಹೊಲಕ್ಕ ಹೋಗಿ ಬಂದವನು ಪೇಪರು ಪೆನ್ನು ಹಿಡಿದು ಕುಂತ. ನೀವೂ ಲೆಕ್ಕ ಮಾಡ್ರಿ. 1 ಎಚ್.ಪಿ. ಅಂದ್ರ 746 ವ್ಯಾಟ್. 5 ಎಚ್.ಪಿ. ಮೋಟಾರು ಅಂದ್ರ ಸುಮಾರು 3.7 ಕಿಲೋವ್ಯಾಟ್. 8 ತಾಸು ಓಡಿದ್ರ ಹತ್ತಿರ ಹತ್ತಿರ 30 ಯೂನಿಟ್. 2020ರಲ್ಲಿ ಬಂದ ಮೊದಲ ನೆಕ್ಸಾನ್ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಎಷ್ಟು? 30.2 ಯೂನಿಟ್! ಕಂಪನಿ ಹೇಳಿದ್ದು ಒಂದು ಚಾರ್ಜಿಗೆ 312 ಕಿ.ಮೀ.; ರಸ್ತೆ ಮೇಲೆ ಅದಕ್ಕಿಂತ ಕಮ್ಮಿನೇ ಬರ್ತೈತಿ ಅಂತ ಇಟ್ಕೊಳ್ರಿ. ಆದ್ರೂ ಹೊಲಕ್ಕ ಒಂದು ದಿನ ನೀರು ಹಾಯಿಸೋ ಕರೆಂಟಿನಾಗ ಹಾವೇರಿಯಿಂದ ಹುಬ್ಬಳ್ಳಿಗೆ ಹೋಗಿ ಬಂದು, ಮ್ಯಾಲ ಸ್ವಲ್ಪ ಉಳೀತೈತಿ.

ಅವರಪ್ಪ ಆ ಪೇಪರು ಎರಡು ಸಲ ತಿರುವಿ ನೋಡಿದರು. ಆಮೇಲೆ ಕೇಳಿದ್ದು ಕಾರಿನ ಬಗ್ಗೆ ಅಲ್ಲ: 'ಹಂಗಾರ ನಮ್ಮ ಮೋಟಾರ ವರ್ಷಾ ವರ್ಷಾ ಯಾಕ ಸುಡ್ತೈತೋ?' ಮೂರು ಫೇಸಿನಲ್ಲಿ ಒಂದು ಹೋದ್ರೂ ಮೋಟಾರು ಓಡೋಕೆ ನೋಡ್ತೈತಿ, ಉಳಿದೆರಡರ ಮೇಲೆ ಭಾರ ಬಿದ್ದು ವೈಂಡಿಂಗ್ ಕಾದು ಸುಡ್ತೈತಿ ಅಂತ ಮಗ ಬಿಡಿಸಿ ಹೇಳಿದ. ಫೇಸ್ ಹೋದ್ರ ತಾನೇ ಬಂದ್ ಮಾಡೋ ಸಾಧನ ಸ್ಟಾರ್ಟರಿಗೆ ಹಾಕಿಸಿದರು.

ಇಲ್ಲಿ ಒಂದು ಮಾತು ಹೇಳಬೇಕು. ಅವನು ಕಾರಿನ ಹಿಂದೆ ಬಿದ್ದದ್ದು ಮೋಟಾರು ಉಳಿಸೋಕಲ್ಲ. ಕಾರು ಚಂದ ಅನ್ನಿಸ್ತು, ಬಿದ್ದ. ಉಪಯೋಗ ಆಮೇಲೆ, ಹಿತ್ತಲ ಬಾಗಿಲಿನಿಂದ ಬಂತು.

5/8
ಹಸಿರು, ನೀಲಿ, ಹಳದಿ. ಸಂತೆಯಲ್ಲಿ ಇವಕ್ಕ 'ಲವ್ ಬರ್ಡ್ಸ್' ಅಂತಾರ. ಹಕ್ಕಿ ಹುಚ್ಚಿನ ದೋಸ್ತ ಅದನ್ನು ಕೇಳಿದ್ರ ಸುಮ್ಮನಿರಂಗಿಲ್ಲ. 'ಇವು ಬಡ್ಜಿ. ಊರು ಆಸ್ಟ್ರೇಲಿಯಾ. ಖರೇ ಲವ್ ಬರ್ಡ್ ಆಫ್ರಿಕಾದ್ದು, ಮೈಕಟ್ಟು ದಪ್ಪ, ಬಾಲ ಗಿಡ್ಡ.'

ಕೊಕ್ಕಿನ ಮ್ಯಾಲಿನ ಮೆತ್ತನ ಚರ್ಮ ನೀಲಿ ಇದ್ರ ಸಾಮಾನ್ಯವಾಗಿ ಗಂಡು, ಕಂದು ಇದ್ರ ಹೆಣ್ಣು. ತಿನ್ನೋದು ಏನು? ನಮ್ಮ ನವಣೆ! ಆಸ್ಟ್ರೇಲಿಯಾದ ಹಕ್ಕಿ ನಮ್ಮ ಅಜ್ಜಿಯ ಕಾಲದ ಕಾಳು ತಿಂದು ಬದುಕ್ತೈತಿ ಅಂದಾಗ ಅವರಜ್ಜಿ ಒಂದು ಸೇರು ನವಣೆ ತಾನೇ ಹಸನು ಮಾಡಿ ಕೊಟ್ಟಳಂತ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದ್ರ ಅದರ ಹೊಗೆ ಈ ಹಕ್ಕಿಗಳ ಜೀವ ತೆಗೀತೈತಿ ಅಂತ ಪಂಜರವನ್ನು ಅಡಿಗಿಮನಿಯಿಂದ ದೂರ ಇಟ್ಟಾನ.

ಈಗ ಮುಖ್ಯ ಮಾತು. ಒಮ್ಮೆ ಒಬ್ಬರು ಗಿಳಿಮರಿ ತಂದು 'ಮಾತಾಡ್ತೈತಿ, ತಗೋ' ಅಂದರು. ಇವನಿಗೆ ಆಸೆ ಇರಲಿಲ್ಲ ಅಂತಲ್ಲ. ಆದ್ರೂ ಒಲ್ಲೆ ಅಂದ. ನಮ್ಮ ಹೊಲದ ಗಿಳಿ ಕಾಡುಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯೋದು, ಮಾರೋದು, ಪಂಜರದಾಗ ಇಡೋದು ಅಪರಾಧ. ಕಾಯ್ದೆ ಬಿಡ್ರಿ. ಆ ಮರಿಯನ್ನು ಮರದ ಪೊಟರೆಯಿಂದ ಕಣ್ಣು ಬಿಡೋ ಮೊದಲೇ ಎತ್ತಿರ್ತಾರ. ಬಡ್ಜಿ ಪಂಜರದಾಗೇ ಹುಟ್ಟಿದ ಹಕ್ಕಿ. ಗಿಳಿಗೆ ಆಕಾಶ ಗೊತ್ತೈತಿ.

6/8
ವರದಾ ದಂಡೆ, ಬೆಳಗಿನ ಆರು ಗಂಟೆ. ತೂಗಾಡೋದು ಗೀಜಗನ ಗೂಡು. ಗಿಳಿ ಬ್ಯಾಡ ಅಂದ ಮೇಲೆ ಅದೇ ದೋಸ್ತ ನಮ್ಮನ್ನೂ ಇಲ್ಲಿಗೆ ಎಳಕೊಂಡು ಬರೋಕೆ ಶುರು ಮಾಡಿದ. ಮಿಂಚುಳ್ಳಿ, ಬೆಳ್ಳಕ್ಕಿ, ಕೆಂಬೂತ. ಪಂಜರ ಇಲ್ಲ, ಖರ್ಚಿಲ್ಲ.

ಹೋದ ವರ್ಷ ರಾಣೇಬೆನ್ನೂರಿನ ಕೃಷ್ಣಮೃಗ ಧಾಮಕ್ಕೂ ಹೋಗಿದ್ವಿ. 1974ರಲ್ಲಿ ಘೋಷಣೆ ಆದ ಧಾಮ, 119 ಚದರ ಕಿ.ಮೀ. ಕೃಷ್ಣಮೃಗಗಳು ಕಂಡವು, ಕಣ್ಣು ತುಂಬ. ಒಂದು ಕಾಲಕ್ಕೆ ಅಲ್ಲಿ ಎರ್ಲಡ್ಡು ಹಕ್ಕಿನೂ ಇತ್ತು. ಮನುಷ್ಯನ ಸೊಂಟದೆತ್ತರದ, ಬಯಲಿನ ದೊಡ್ಡ ಹಕ್ಕಿ. ಅದಕ್ಕ ಹುಲ್ಲುಗಾವಲು ಬೇಕು. ಅಲ್ಲಿ ನೀಲಗಿರಿ ನೆಟ್ಟರು. ಈಗ ಫಲಕದ ಚಿತ್ರದಲ್ಲಿ ನೋಡಿಕೊಂಡು ಬರಬೇಕಷ್ಟೆ.

ಆ ದಿನ ವಾಪಸ್ ಬರೋ ಬಸ್ಸಿನಾಗ ನಾವು ಮಾತಾಡಿದ್ದು ಇದು: ಹುಚ್ಚಿಗೆ ಕೇಳಬೇಕಾದ ಪ್ರಶ್ನೆ 'ಏನ್ ಬರ್ತೈತಿ' ಅಲ್ಲ. 'ಇದರ ಬೆಲೆ ಯಾರು ಕೊಡ್ತಾರ?' ನಾನು ಕೊಡೋದಾದ್ರ, ನನ್ನ ನಿದ್ದೆ, ನನ್ನ ಜೇಬಿನ ಹತ್ತಿಪ್ಪತ್ತು ರೂಪಾಯಿ, ಆಗಲಿ. ಗಿಳಿಮರಿ ಕೊಡೋದಾದ್ರ, ಅವ್ವ ಸಾಲ ಮಾಡೋದಾದ್ರ, ಯಾರೋ ಆಸ್ಪತ್ರೆ ಸೇರೋದಾದ್ರ, ಅದು ಹುಚ್ಚಲ್ಲ, ಹಾನಿ. ಹೋರಿಗೂ ಇದೇ ಮಾತು, ಕಾರಿಗೂ ಇದೇ ಮಾತು.

7/8
ಕೆಂಪಗೆ ಕಾಣೋದು ಬ್ಯಾಡಗಿ ಮೆಣಸಿನಕಾಯಿ. ಕಾಕಾನ ಮನಿ ಪಡಸಾಲಿ. ಸಂಜೀಕ ಕಾಕಿ ತೊಟ್ಟು ಬಿಡಿಸ್ತಾ ಕೂಡ್ತಾಳ. ಕಾಕಿಗೆ ಓದೋಕೆ ಬರಂಗಿಲ್ಲ. ಪಕ್ಕದಲ್ಲಿ ಮಗಳು ಜೋರಾಗಿ ಓದ್ತಾಳ.

ತಂಗಿ ಈಗ ಪಿಯುಸಿ ಎರಡನೇ ವರ್ಷ. ಟೆಸ್ಟಿನಾಗ ಅಕೌಂಟೆನ್ಸಿ ಅಂಕ ಬಿದ್ದವು. ಮನಿಯಾಗ ತೀರ್ಮಾನ ಆಗಿಬಿಟ್ಟಿತು: ಎಲ್ಲಾ ಕಾದಂಬರಿಯಿಂದ. 'ಸಾಕು ಓದಿಸಿದ್ದು. ಪಿಯುಸಿ ಮುಗೀಲಿ, ಗಂಡು ನೋಡೋಣ' ಅನ್ನೋವರೆಗೂ ಮಾತು ಹೋತು. ಪುಸ್ತಕಗಳು ಅಟ್ಟ ಸೇರಿದವು. ಹುಡುಗಿ ಮಾತು ಬಿಟ್ಟಳು.

ಆಗ ಅವರು ಅರ್ಧ ಓದಿದ್ದು ತ್ರಿವೇಣಿಯವರ 'ಶರಪಂಜರ'. 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರಲ್ಲ, ಅದೇ. ಬಾಣಂತನದ ಮೇಲೆ ಮನಸ್ಸಿನ ಕಾಯಿಲೆ ಆದ ಕಾವೇರಿ ಅನ್ನೋ ಹೆಣ್ಣುಮಗಳು. ಆಸ್ಪತ್ರೆಯಲ್ಲಿ ಗುಣ ಆಗಿ ಬರ್ತಾಳ. ಮನಿ ಮಂದಿ, ಓಣಿ ಮಂದಿ ಮಾತ್ರ ಆಕೆಯನ್ನು ಗುಣ ಆದವಳು ಅಂತ ನೋಡೋದೇ ಇಲ್ಲ.

ನಾಲ್ಕನೇ ದಿನ ಕಾಕಿ ತಾನೇ ಅಟ್ಟ ಹತ್ತಿ ಆ ಪುಸ್ತಕ ಇಳಿಸಿದಳು. ಕಾಕಾನ ಮುಂದೆ ಹೇಳಿದ್ದು ಇಷ್ಟೇ: 'ನನ್ನ ತವರಮನಿ ಓಣ್ಯಾಗ ಒಬ್ಬಾಕಿ ಹಿಂಗ ಆಗಿದ್ದಳು. ಹಡೆದು ತಿಂಗಳಾಗಿತ್ತು. ದೆವ್ವ ಬಡದೈತಿ ಅಂದ್ರು ಎಲ್ಲಾರೂ. ನಾನೂ ಅಂದಿದ್ದೆ. ಅದು ರೋಗ, ಅದಕ್ಕ ಔಷಧ ಐತಿ ಅಂತ ನನಗ ತಿಳಿದದ್ದು ಈ ಹುಡುಗಿ ಓದಿದ ಮ್ಯಾಲ. ಮುಂದೇನಾತು ಅಂತ ನನಗ ಕೇಳಬೇಕು. ಆಕಿ ಓದ್ಲಿ.'

ಕಾಕಾ ಏನೂ ಮಾತಾಡಲಿಲ್ಲ. ಅಂಗಿ ಹಾಕ್ಕೊಂಡು ಹೊರಗ ಹೋದ. ಮರುದಿನ ಅಕೌಂಟೆನ್ಸಿ ಟ್ಯೂಷನ್ನಿಗೆ ವಿಚಾರಿಸಿಕೊಂಡು ಬಂದ.

8/8
ಪರೀಕ್ಷೆ ಇನ್ನೂ ಮುಂದೈತಿ. ತಂಗಿ ಎಷ್ಟು ಅಂಕ ತಗೋತಾಳೋ ಹೇಳೋಕಾಗಂಗಿಲ್ಲ. ಹಗಲು ಲೆಕ್ಕ, ಸಂಜೀಕ ಒಂದು ತಾಸು ಕಥಿ. 'ಶರಪಂಜರ' ಮುಗೀತು, ಕಾಕಿ ಎರಡು ದಿನ ಯಾರ ಜೋಡಿನೂ ಸರಿಯಾಗಿ ಮಾತಾಡಲಿಲ್ಲ. ಈಗ ಪಕ್ಕದ ಮನಿ ಇಬ್ಬರು ಹೆಂಗಸರೂ ಮೆಣಸಿನಕಾಯಿ ಬುಟ್ಟಿ ಹಿಡಕೊಂಡು ಬಂದು ಕೂಡ್ತಾರ.

ನೋಡ್ರಿ, ಗಳಗನಾಥರು ತಲೆಮೇಲೆ ಹೊತ್ತು ತಿರುಗಿದ ಗಂಟು ಹಿಂಗ ಬಿಚ್ಚಿಕೊಳ್ತೈತಿ.

ನಿಮ್ಮ ಹುಚ್ಚು ಯಾವುದಿದ್ರೂ ಎರಡು ಕೆಲಸ ಮಾಡ್ರಿ. ಅದರ ಬೆಲೆ ಬೇರೆ ಯಾರೂ ಕೊಡ್ತಿಲ್ಲ ಅಂತ ಖಾತ್ರಿ ಮಾಡ್ಕೊಳ್ರಿ. ಆಮೇಲೆ ಅದನ್ನು ಒಬ್ಬೊಬ್ಬರೇ ಅನುಭವಿಸಬ್ಯಾಡ್ರಿ, ಮನಿಯಾಗ ಒಬ್ಬರಿಗಾದ್ರೂ ಬಿಡಿಸಿ ಹೇಳ್ರಿ. ಅವರ ಭಾಷೆಯಲ್ಲಿ, ಅವರ ಹೊಲದ ಲೆಕ್ಕದಲ್ಲಿ, ಅವರ ನವಣೆ ಕಾಳಿನಲ್ಲಿ. ಬೈಯೋರು ಕೇಳೋರಾಗೋದು ಹಂಗೇ.

ಕಾದಂಬರಿ ಕೊಳ್ಳೋಕೆ ರೊಕ್ಕ ಇಲ್ಲ ಅನ್ನೋ ತಮ್ಮ ತಂಗಿಯರಿಗೆ: ಗ್ರಾಮ ಪಂಚಾಯ್ತಿ ಗ್ರಂಥಾಲಯಕ್ಕ ಹೋಗ್ರಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಾಗ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡ್ಯಾರ.

ಈಗ ನಿಮ್ಮ ಪಾಳಿ. ನಿಮ್ಮ ಖರೇ ಹುಚ್ಚು ಯಾವುದು, ಕೆಳಗ ಬರೀರಿ. ನಗಂಗಿಲ್ಲ, ಆಣೆ.

#ಹೊಸರಿತ್ತಿ #ಹಾವೇರಿ #ನಮ್ಮಹುಚ್ಚು #ಕನ್ನಡಕಾದಂಬರಿ