ಪಂಚಾಯ್ತಿ ಲೆಕ್ಕ ಮಕ್ಕಳಿಗೂ ತಿಳೀಲಿ

ಪಂಚಾಯ್ತಿ ಜಮಾ-ಖರ್ಚು ಇ-ಗ್ರಾಮಸ್ವರಾಜ್‌ನಲ್ಲಿ ಮೊಬೈಲಲ್ಲೇ ನೋಡಬಹುದು. 2020ರಿಂದ ಇದೆ. ಆದ್ರೆ ಅಲ್ಲಿರೋ ‘ಟೈಡ್’, ‘ಅನ್‌ಟೈಡ್’ ನಮಗೇ ತಿಳಿಯಲ್ಲ, ಮಕ್ಕಳಿಗೆ ಹೆಂಗೆ ತಿಳೀಬೇಕು?

ಬಿತ್ತನೆಗೆ ಎತ್ತಿಟ್ಟ ರಾಗೀನ ಯಾರೂ ಹಿಟ್ಟು ಮಾಡಿಸಲ್ಲ. ಟೈಡ್ ಅಂದ್ರೆ ಹಂಗೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021ರಿಂದ 2026ರ ತನಕ ನೂರಕ್ಕೆ 60 ರೂಪಾಯಿ ನೀರು, ನೈರ್ಮಲ್ಯಕ್ಕೇ ಮೀಸಲು. ಉಳಿದ 40 ಊರಿನ ಬೇರೆ ಅಗತ್ಯಕ್ಕೆ. ಅದರಲ್ಲೂ ಸಂಬಳ ಕೊಡಂಗಿಲ್ಲ.

ಇಷ್ಟು ತಿಳಿದ್ರೆ ಏಳನೇ ಕ್ಲಾಸಿನ ಹುಡುಗಿನೂ ಮಕ್ಕಳ ಗ್ರಾಮಸಭೇಲಿ ಎದ್ದು, “ಶಾಲೆ ನಲ್ಲೀಲಿ ನೀರಿಲ್ಲ, ಆ ಅರವತ್ತು ಎಲ್ಲಿ ಖರ್ಚಾಯ್ತು?” ಅಂತ ಕೇಳ್ತಾಳೆ. ಉತ್ತರ ಕೊಡಲೇಬೇಕಾಗುತ್ತೆ.

ವರ್ಷದ ಲೆಕ್ಕಾನ ಸರಳ ಕನ್ನಡದಲ್ಲಿ ಒಂದೇ ಹಾಳೇಲಿ ಬರೆದು ವಾಟ್ಸ್ಯಾಪ್‌ಗೆ ಹಾಕಿ ಅಂತ ಮುಂದಿನ ಗ್ರಾಮಸಭೇಲಿ ಕೇಳೋಣ, ಎಲ್ಲರೂ ಬನ್ನಿ.