ಗೊರವಯ್ಯನ ಕವಡೆಸರ

ರಾಣಿಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಹೋದಾಗಲೆಲ್ಲ ಗೊರವಯ್ಯನ ಕೊರಳ ಕವಡೆಗಳು, ಕಡಲನ್ನರಿಯದ ಈ ಸೀಮೆಗೆ ಎಲ್ಲಿಂದ ಬಂದವೆಂದು ಬೆರಗಾಗುವೆನು. ಹಿಂದೆ ಹಣವಾಗಿ ನಡೆದ ಹಳದಿ ಕವಡೆಯು ಮಾಲದ್ವೀಪ, ಲಕ್ಷದ್ವೀಪಗಳ ಹವಳದಿಬ್ಬಗಳಲ್ಲಿ ವಾಸಿಸುವ ಬಸವನಹುಳುವಿನ ಚಿಪ್ಪು. ಆ ಜೀವಿಯು ಆಳವಿಲ್ಲದ ನೀರಿನಲ್ಲಿ, ಸತ್ತ ಹವಳದ ಚಪ್ಪಡಿಯಡಿ ಹಗಲೆಲ್ಲ ಅಡಗಿದ್ದು, ಇರುಳಿನಲ್ಲಿ ಹೊರಟು ಪಾಚಿಯನ್ನು ಮೇಯುವುದು. ತನ್ನ ಮೈತೊಗಲನ್ನೇ ಚಿಪ್ಪಿಗೆ ಹೊದಿಸುವುದರಿಂದ ಅದಕ್ಕೆ ಆ ಮಿರುಗು. ದೇವರಮನೆಯ ಶಂಖವಾದರೋ ಮರಳಿನಲ್ಲಿ ಹುದುಗಿ ಹುಳುಗಳನ್ನು ತಿನ್ನುವುದು. ಎರಡಕ್ಕೂ ಒಂದೇ ನೆಲೆಯೆಂದು ಮಕ್ಕಳಿಗೆ ಬಹುಕಾಲ ಪಾಠ ಹೇಳಿದವನು ನಾನೇ!

ಆಯುವವರು ಚಪ್ಪಡಿಯನ್ನು ಮಗುಚಿ ಹಾಗೆಯೇ ಬಿಟ್ಟರೆ ಅಡಿಯಲ್ಲಿ ಅಂಟಿದ ಮೊಟ್ಟೆಗಳು ನಾಶವಾಗುವುವು. 1998, 2010, 2016ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳವು ಬಿಳುಚಿತು. ಹೊಸ ಹವಳ ಬೆಳೆಯದಿದ್ದರೆ ಹಳೆಯ ಚಪ್ಪಡಿಯೂ ಸವೆದು ಮರಳಾಗುವುದು. ಮರಳಿನಲ್ಲಿ ಕವಡೆಗೆ ಮರೆಯೆಲ್ಲಿ?

ಇದನ್ನು ಹೇಳಲು ಗೊರವಯ್ಯನು ಸರವನ್ನು ಮುಟ್ಟಿ, “ಇವು ನಮ್ಮಜ್ಜನ ಕಾಲದವು ರೀ, ಮಾಸ್ತರ” ಎಂದನು.